ಕಾಪಿ ಪುಸ್ತಕದ ಕೊನೆಯ ಹಾಳೆಗಳು

ರತ್ನಾ ಕತ್ತರಿಯನ್ನು ಬೊಜೆನಾ ಅವರ ಬಲಗೈ ಪಕ್ಕದಲ್ಲಿ ಇಡಲು ಬಗ್ಗಿದಾಗ, ಬಿಳಿ ಕೈಗವಸು ತೊಟ್ಟ ಚಿತಾಗಾರದ ಸಿಬ್ಬಂದಿ ಶವಪೆಟ್ಟಿಗೆಗೆ ಅಡ್ಡಲಾಗಿ ಕೈ ಹಿಡಿದ.

“ಸುಮಿಮಾಸೆನ್, ಕ್ಷಮಿಸಿ. ಲೋಹದ್ದು ಏನನ್ನೂ ಇಡುವಂತಿಲ್ಲ.”

“ಅವರು ಟೈಲರ್. ಐವತ್ತು ವರ್ಷ ಇದನ್ನೇ ಹಿಡಿದವರು,” ಎಂದಳು ರತ್ನಾ ತನ್ನ ಹರಕು ಜಪಾನಿಯಲ್ಲಿ.

ಅವನು ತಲೆ ಬಾಗಿಸಿದನೇ ಹೊರತು ಕೈ ತೆಗೆಯಲಿಲ್ಲ. ಅಳತೆಯ ಟೇಪು ಇಡಬಹುದೇ ಎಂದು ಕೇಳಿದಳು. ಅವನು ಟೇಪನ್ನು ಬಿಡಿಸಿ, ಎರಡು ತುದಿಯಲ್ಲಿದ್ದ ತಗಡಿನ ಚೂರು ತೋರಿಸಿ, ಇವಿಷ್ಟನ್ನು ತೆಗೆದರೆ ಆದೀತು ಎಂದ. ರತ್ನಾ ಅದೇ ಕತ್ತರಿಯಿಂದ ತುದಿಗಳನ್ನು ಕತ್ತರಿಸಿ, ಟೇಪನ್ನು ಸುರುಳಿ ಸುತ್ತಿ, ಬಿಳಿ ಸೇವಂತಿಗೆಗಳ ನಡುವೆ ಇಟ್ಟಳು.

ಪಕ್ಕದಲ್ಲಿ ನಿಂತಿದ್ದ ಯಿತ್ಕಾ ಗಾಬರಿಯಿಂದ ಅವಳ ತೋಳು ಮುಟ್ಟಿದಳು. ಬೊಜೆನಾ ಅವರ ತಮ್ಮನ ಮೊಮ್ಮಗಳು. ಶಾಲೆಯಲ್ಲಿ ಪಾಠ ಹೇಳುವವಳು. ಹಿಂದಿನ ದಿನವಷ್ಟೇ ಚೆಕ್ ದೇಶದಿಂದ ಬಂದಿಳಿದಿದ್ದಳು.

“ಆ ಪುಸ್ತಕವನ್ನು ಒಳಗೆ ಇಟ್ಟಿಲ್ಲ ತಾನೇ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. “ಹೆಸರುಗಳ ಪುಸ್ತಕ. ಅದು ನಿಮ್ಮ ಹತ್ತಿರ ಇದೆ ಅಂತ ಅಜ್ಜಿ ಹೇಳಿದ್ದರು. ನಮ್ಮ ಹಳ್ಳಿಯ ಪಂಚಾಯಿತಿ ಕೊನೆಗೂ ಒಂದು ಕಲ್ಲು ನೆಡಲು ಒಪ್ಪಿದೆ. ಮಾರ್ಚ್ ಏಳಕ್ಕೆ. ಕೆತ್ತುವವನಿಗೆ ಹೆಸರು ಬೇಕು. ಸರ್ಕಾರದ ಕಡತದಲ್ಲಿ ನನಗೆ ಸಿಕ್ಕಿದ್ದು ಒಂಬತ್ತೇ.”

ಹೆಣದ ಎದುರು, ಹೂವಿನ ಎದುರು, ರತ್ನಾಳ ಬಾಯಿಂದ ಮಾತು ತಾನಾಗಿಯೇ ಜಾರಿತು.

“ಇಲ್ಲ, ಇದರಲ್ಲಿಲ್ಲ. ಮನೆಯಲ್ಲಿದೆ.”

ಯಿತ್ಕಾ ಉಸಿರು ಬಿಟ್ಟಳು. “ಇದು ಮುಗಿದ ಮೇಲೆ ನಿಮ್ಮ ಮನೆಗೆ ಬರುತ್ತೇನೆ. ನೀವು ಓದಿ ಹೇಳಿ, ನಾನು ಬರೆದುಕೊಳ್ಳುತ್ತೇನೆ.”

ಮುಚ್ಚಳ ಮುಚ್ಚಿದರು. ಲಿಫ್ಟಿನ ಬಾಗಿಲಿನಂತೆ ಉಕ್ಕಿನ ಬಾಗಿಲು ಎರಡೂ ಕಡೆಯಿಂದ ಸದ್ದಿಲ್ಲದೆ ಕೂಡಿಕೊಂಡಿತು. ರತ್ನಾಳ ಕೈಯಲ್ಲಿ ಕತ್ತರಿ ಹಾಗೆಯೇ ಉಳಿಯಿತು.

*

ಟೋಕಿಯೊದ ಓಜಿಮಾದ ಅಂಗಡಿ ಬೀದಿಯಲ್ಲಿ ಬೊಜೆನಾ ಅವರದು ಬಟ್ಟೆ ಸರಿಮಾಡಿಕೊಡುವ ಅಂಗಡಿ. ಗಂಡ ಜಪಾನಿನವರು, ನೇಯ್ಗೆ ಯಂತ್ರಗಳ ಎಂಜಿನಿಯರ್ ಆಗಿದ್ದರು. ಎಪ್ಪತ್ತರ ದಶಕದಲ್ಲಿ ಯಂತ್ರಗಳ ಪ್ರದರ್ಶನಕ್ಕೆಂದು ಚೆಕ್ ದೇಶಕ್ಕೆ ಹೋದವರು, ಇಳಿದುಕೊಂಡ ಹೋಟೆಲಿನಲ್ಲಿ ಪರದೆ ಹೊಲಿಯುತ್ತಿದ್ದ ಹುಡುಗಿಯನ್ನು ಮದುವೆಯಾಗಿ ಕರೆತಂದಿದ್ದರು. ಅವರ ಮನೆತನದ ಹೆಸರು ಮೋರಿ. ಜಪಾನಿಯಲ್ಲಿ ಕಾಡು ಎಂದರ್ಥವಂತೆ. ಕನ್ನಡದ ಹೆಂಗಸರಿಗೆ ಹಾಗೆ ಕರೆಯಲು ಬಾಯಿ ಬಾರದು. ಹೀಗಾಗಿ ಅವರು ಎಲ್ಲರಿಗೂ ‘ಬ್ಲೌಸ್ ಆಂಟಿ’ ಆದರು. ಟೋಕಿಯೊದಲ್ಲಿ ಸೀರೆಯ ರವಿಕೆಯನ್ನು ಕಂಕುಳಲ್ಲಿ ಸುಕ್ಕಿಲ್ಲದೆ ಕೂರಿಸುತ್ತಿದ್ದವರು ಅವರೊಬ್ಬರೇ. ಮುಂದೆ ದಪ್ಪವಾದರೆ ಬಿಚ್ಚಿಕೊಳ್ಳಲಿ ಎಂದು ಒಳಗೆ ಒಂದಿಂಚು ಬಟ್ಟೆ ಬಿಟ್ಟಿರುತ್ತಿದ್ದರು. ಅವರ ಸ್ವಂತ ಹೆಸರನ್ನು ಯಾರೂ ಕೇಳಲಿಲ್ಲ.

ಏಳು ವರ್ಷದ ಹಿಂದೆ ಒಂದು ಭಾನುವಾರ. ಮಗಳು ಜಾಹ್ನವಿಯನ್ನು ಕನ್ನಡ ಕ್ಲಾಸಿನಿಂದ ಕರೆದುಕೊಂಡು ರತ್ನಾ ಅಂಗಡಿಗೆ ಹೋಗಿದ್ದಳು. ಬೊಜೆನಾ ಸೊಂಟದ ಅಳತೆ ತೆಗೆಯುತ್ತ ಬಾಯೊಳಗೇ ಎಣಿಸುತ್ತಿದ್ದರು. “ಯೇಖ್, ದುಯ್, ತ್ರಿನ್, ಷ್ಟಾರ್, ಪಾಂಜ್...”

“ಆಂಟಿ, ಇದು ಹಿಂದಿ ಥರಾನೇ ಇದೆಯಲ್ಲ! ಎಲ್ಲಿ ಕಲಿತಿರಿ?”

ಬೊಜೆನಾ ಟೇಪನ್ನು ಅವಳ ಸೊಂಟದಲ್ಲೇ ಬಿಟ್ಟು ಹೋಗಿ ಅಂಗಡಿಯ ಬಾಗಿಲು ಎಳೆದರು.

“ಇಷ್ಟು ವರ್ಷದಲ್ಲಿ ಯಾರಿಗೂ ಕೇಳಿಸಿರಲಿಲ್ಲ,” ಎಂದರು. ತಾವು ರೋಮಾ ಜನ, ಸಾವಿರ ವರ್ಷದ ಹಿಂದೆ ಇಂಡಿಯಾದ ಕಡೆಯಿಂದ ಹೋದವರು ಎಂದು ಹೇಳಿದರು. ಊರಿನವರು ಕರೆಯುವ ಹೆಸರು ಬೇರೆ. ಅದು ಬೈಗುಳ ಎಂದರು. ಆಮೇಲೆ, ರತ್ನಾಳಿಗೆ ಅರ್ಥವಾಗಲೆಂದು ಮಕ್ಕಳ ಜಪಾನಿಯಲ್ಲಿ, ಒಂದೊಂದೇ ಮಾತು ಹೇಳಿದರು.

“ನಮ್ಮ ಅಪ್ಪನಿಗೆ ನನ್ನ ಅಮ್ಮನಿಗಿಂತ ಮೊದಲು ಬೇರೆ ಹೆಂಡತಿ ಇದ್ದಳು. ಬೇರೆ ಮಕ್ಕಳು. ಅಪ್ಪನ ಅಣ್ಣ, ತಮ್ಮಂದಿರು, ಅವರ ಸಂಸಾರ. ಸಾವಿರದ ಒಂಬೈನೂರ ನಲವತ್ತಮೂರು, ಮಾರ್ಚ್ ಏಳು. ಎಲ್ಲರನ್ನೂ ರೈಲಿಗೆ ತುಂಬಿದರು. ದನದ ಡಬ್ಬಿ. ಹಿಟ್ಲರನ ಸಾವಿನ ಶಿಬಿರಕ್ಕೆ, ಆಷ್‌ವಿಟ್ಸ್‌ಗೆ. ತಿರುಗಿ ಬಂದದ್ದು ಅಪ್ಪ ಒಬ್ಬನೇ. ಪೊಲೀಸರ ಕೈಯಲ್ಲಿ ಪಟ್ಟಿ ಇತ್ತು, ರತ್ನಾ ಸಾನ್. ಯುದ್ಧಕ್ಕೆ ಎಷ್ಟೋ ಮೊದಲೇ, ಕಳ್ಳರ ಮೇಲೆ ಕಣ್ಣಿಡಬೇಕು ಅಂತ ಬರೆದುಕೊಂಡ ಪಟ್ಟಿ. ಒಬ್ಬರ ಹೆಸರೂ ತಪ್ಪಿರಲಿಲ್ಲ. ಅದಕ್ಕೇ ಅಪ್ಪ ನಮ್ಮನ್ನು ಏನನ್ನೂ ಬರೆಯಲು ಬಿಡಲಿಲ್ಲ. ಪ್ರತಿ ಮಾರ್ಚ್ ಏಳಕ್ಕೆ ಬಾಗಿಲು ಹಾಕಿ, ಬಾಯಲ್ಲೇ ಹೇಳುತ್ತಿದ್ದ. ಮೂವತ್ತೊಂದು ಜನ.”

ತಮಗೆ ಮಕ್ಕಳಿಲ್ಲ. ಊರಿನಲ್ಲಿರುವ ತಮ್ಮ, ನಾವು ರೋಮಾ ಎನ್ನುವುದನ್ನೇ ತನ್ನ ಮಕ್ಕಳಿಂದ ಮುಚ್ಚಿಟ್ಟಿದ್ದಾನೆ. ಈಚೆಗೆ ತಮಗೆ ಗುಂಡಿ ಇಟ್ಟ ಡಬ್ಬಿ ಯಾವುದೆಂದು ಮರೆತುಹೋಗುತ್ತಿದೆ. ಇಷ್ಟು ಹೇಳಿ ಅವರು ಜಾಹ್ನವಿಯ ಕೈಯಲ್ಲಿದ್ದ ಪುಸ್ತಕದತ್ತ ಬೆರಳು ತೋರಿಸಿದರು.

“ನಿಮ್ಮ ಈ ಗುಂಡು ಗುಂಡು ಅಕ್ಷರದಲ್ಲಿ ಬರೆಯಿರಿ. ನಮ್ಮೂರಿನ ಯಾವ ಪೊಲೀಸನಿಗೂ ಇದು ಓದಲು ಬರುವುದಿಲ್ಲ.”

ಅದು ಎರಡು ಗೆರೆಯ ಕಾಪಿ ಪುಸ್ತಕ. ಮುಂದಿನ ಹಾಳೆಗಳಲ್ಲಿ ಜಾಹ್ನವಿಯ ಸೊಟ್ಟ ‘ಕಮಲ’, ‘ಬಸವ’. ರತ್ನಾ ಹಿಂದಿನಿಂದ ತೆರೆದು, ನಂಬರು ಹಾಕಿ, ಅವರು ಹೇಳಿದಂತೆ ಬರೆದಳು. ಮೂವತ್ತೊಂದನೆಯದಕ್ಕೆ ಬೊಜೆನಾ ತಡೆದರು.

“ಇದಕ್ಕೆ ಹೆಸರಿಟ್ಟಿರಲಿಲ್ಲ. ಒಂಬತ್ತು ದಿನದ್ದು. ಆದರೂ ಒಂದು ಗೆರೆ ಬೇಕು.”

ರತ್ನಾ ‘ಮಗು’ ಎಂದು ಬರೆದಳು.

ಹೊರಡುವಾಗ ಬೊಜೆನಾ ಇನ್ನೊಂದು ಮಾತು ಹೇಳಿದರು. “ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಸುಡುತ್ತಾರೆ ಅಂದರೆ ನನಗೆ ಬಹಳ ಭಯವಿತ್ತು. ಆದರೆ ಗಂಡ ಸತ್ತಾಗ ನೋಡಿದೆ. ಇಲ್ಲಿಯವರು ಸುಟ್ಟ ಮೇಲೆ ಕೂತು ಒಂದೊಂದು ಮೂಳೆಯನ್ನೂ ಎತ್ತುತ್ತಾರೆ. ನಮ್ಮವರಿಗೆ ಎತ್ತುವವರು ಇರಲಿಲ್ಲ. ನನ್ನನ್ನೂ ಹಾಗೇ ಮಾಡಿ. ಎತ್ತುವವರಿದ್ದರೆ ಸುಟ್ಟರೂ ಪರವಾಗಿಲ್ಲ.”

*

“ಹೆಂಗಸ್ರು ಇಲ್ಲೀವರ್ಗೂ ಬರೋದೇ ಹೆಚ್ಚು. ಇನ್ನು ಮೂಳೆ ಬೇರೆ ಆರಿಸ್ಬೇಕಾ?” ಎಂದರು ವೇದವಲ್ಲಿ. ಓಜಿಮಾದ ಕನ್ನಡದ ಹೆಂಗಸರಲ್ಲಿ ಅವರೇ ಹಿರಿಯರು. “ನಮ್ಮತ್ತೆ ಇದ್ದಿದ್ರೆ ನನ್ನನ್ನ ಬಾಗ್ಲಲ್ಲೇ ನಿಲ್ಲಿಸಿ ತಲೆ ಮೇಲೆ ಕೊಡ ಸುರೀತಿದ್ರು.”

ಕಾಯುವ ಕೋಣೆಯಲ್ಲಿ ಜಾಹ್ನವಿಯೂ ಸೇರಿ ಅವರೈದೇ ಜನ. ನಡುವೆ ಹಸಿರು ಚಹಾ, ಒಂದು ತಟ್ಟೆ ಅಕ್ಕಿಯ ಬಿಸ್ಕತ್ತು. ಇನ್ನೂ ಐವತ್ತು ನಿಮಿಷ ಎಂದು ಸಿಬ್ಬಂದಿ ಹೇಳಿ ಹೋಗಿದ್ದ.

“ಹೊರಡೋವಾಗ ಉಪ್ಪಿನ ಪೊಟ್ಟಣ ಕೊಡ್ತಾರೆ ಆಂಟಿ,” ಎಂದ ರತ್ನಾಳ ಗಂಡ ದಿನೇಶ. “ಮನೆ ಬಾಗ್ಲಲ್ಲಿ ಮೈಮೇಲೆ ಚಿಮುಕಿಸ್ಕೊಂಡ್ರೆ ಮೈಲಿಗೆ ಹೋಯ್ತು.”

“ಉಪ್ಪಾ? ಅಷ್ಟೇನಾ? ಇವ್ರು ಎಲ್ಲದಕ್ಕೂ ಒಂದೊಂದು ಸ್ಯಾಷೆ ಮಾಡಿಟ್ಟಿರ್ತಾರೆ ಬಿಡಪ್ಪ.” ವೇದವಲ್ಲಿ ದನಿ ತಗ್ಗಿಸಿದರು. “ಬ್ಲೌಸ್ ಆಂಟಿ ಜಿಪ್ಸಿ ಅಂತ ನಂಗೆ ಇವತ್ತೇ ಕಣೇ ಗೊತ್ತಾಗಿದ್ದು. ಯುರೋಪ್ ಟೂರಲ್ಲಿ ನಮ್ಮ ಗೈಡು ಅವ್ರನ್ನ ತೋರಿಸಿ, ಬ್ಯಾಗೆಲ್ಲ ಎದೆ ಮೇಲೆ ಹಾಕ್ಕೊಳಿ ಅಂದಿದ್ದ. ನಾನೂ ಹಾಕ್ಕೊಂಡೆ.” ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದಿದ್ದ ಬ್ಯಾಗನ್ನು ಅವರು ಆಗ ನೋಡಿಕೊಂಡು, ತೆಗೆದು ಪಕ್ಕಕ್ಕಿಟ್ಟರು. “ಹದಿನೈದು ವರ್ಷ ರೇಷ್ಮೆ ಬಟ್ಟೆ ಕೊಟ್ಟಿದೀನಿ. ಬೆರಳಗಲ ಚೂರು ಮಿಕ್ಕಿದ್ರೂ ಮಡಿಸಿ ವಾಪಸ್ ಕೊಡೋರು.”

ಯಿತ್ಕಾಳಿಗೆ ಭಾಷೆ ತಿಳಿಯದಿದ್ದರೂ ಒಂದು ಪದ ತಿಳಿದಿತ್ತು. ಅವಳು ಚಹಾದ ಬಟ್ಟಲು ತಿರುಗಿಸುತ್ತ ಕುಳಿತಿದ್ದಳು. ವೇದವಲ್ಲಿಗೆ ಮುಖ ಕೆಂಪಾಯಿತು. ಇಂಗ್ಲಿಷಿನಲ್ಲಿ, ನಿಜವಾಗಿಯೇ ತಿಳಿಯಬೇಕೆಂಬ ದನಿಯಲ್ಲಿ ಕೇಳಿದರು.

“ನೋಡಮ್ಮ, ನಾವೂ ಓದಿದವರೇ. ಹಿಟ್ಲರ್ ಯಹೂದಿಗಳನ್ನ ಕೊಂದದ್ದು ಸಣ್ಣ ಮಕ್ಕಳಿಗೂ ಗೊತ್ತು. ನಿಮ್ಮವರ ವಿಷಯ ನಮಗ್ಯಾಕೆ ಗೊತ್ತಾಗಲಿಲ್ಲ?”

“ನನಗೇ ಗೊತ್ತಿರಲಿಲ್ಲ,” ಎಂದಳು ಯಿತ್ಕಾ. “ಎರಡು ವರ್ಷದ ಹಿಂದೆ ನಮ್ಮಜ್ಜ ತೀರಿಕೊಂಡ ಮೇಲೆ ಅವನ ಪೆಟ್ಟಿಗೆಯಲ್ಲಿ ಈ ಅಜ್ಜಿಯ ಕಾಗದಗಳು ಸಿಕ್ಕವು. ಅಲ್ಲಿಯವರೆಗೆ ನಾನು ರೋಮಾ ಅಂತಲೇ ನನಗೆ ತಿಳಿಯದು. ಸತ್ತವರು ಎರಡು ಲಕ್ಷ ಅನ್ನುತ್ತಾರೆ, ಐದು ಲಕ್ಷ ಅಂತಲೂ ಅನ್ನುತ್ತಾರೆ. ನಡುವಿನ ಮೂರು ಲಕ್ಷ ಜನ ಇದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಯುದ್ಧ ಮುಗಿದರೂ ಎಷ್ಟೋ ಊರಲ್ಲಿ ಪೊಲೀಸರು ಅವರೇ. ಹುಟ್ಟಿಗಾಗಿ ಹಿಡಿಯಲಿಲ್ಲ, ಕಳ್ಳತನಕ್ಕೆ ಹಿಡಿದದ್ದು ಅಂದರು. ಕೋರ್ಟುಗಳೂ ಹಾಗೇ ಅಂದವು. ನಮ್ಮ ದೇಶದಲ್ಲಿ ಒಂದು ಶಿಬಿರವಿದ್ದ ಜಾಗದಲ್ಲಿ ಹಂದಿ ಸಾಕುವ ದೊಡ್ಡ ಕೇಂದ್ರ ಕಟ್ಟಿದರು. ಹತ್ತಾರು ವರ್ಷ ಅದು ಅಲ್ಲೇ ಇತ್ತು.”

“ಅಯ್ಯೋ ರಾಮ. ಅಷ್ಟೊಂದು ದ್ವೇಷವಾ?”

“ಕಟ್ಟಿದವರಿಗೆ ದ್ವೇಷ ಇತ್ತೋ ಇಲ್ಲವೋ. ಜಾಗ ಖಾಲಿ ಕಂಡಿತು, ಬಳಸಿಕೊಂಡರು. ಅಷ್ಟೇ ಇರಬಹುದು.”

ಎಷ್ಟು ಸಾಮಾನ್ಯವಾಗಿ ಅದು ನಡೆದುಹೋಗುತ್ತದೆ ಎಂಬುದನ್ನು ಆ ಕೋಣೆಯಲ್ಲಿ ರತ್ನಾಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅವಳು ಬಿಸ್ಕತ್ತಿನ ತಟ್ಟೆಯನ್ನು ವೇದವಲ್ಲಿಯವರತ್ತ ಸರಿಸಿದಳು.

*

ಜಾಹ್ನವಿಗೆ ಒಂಬತ್ತು ವರ್ಷವಾದಾಗ ಕನ್ನಡ ಕ್ಲಾಸು ಬಿಟ್ಟಳು. ಭಾನುವಾರ ಈಜಿಗೆ ಹೋಗಬೇಕಿತ್ತು. ಆ ವರ್ಷ ಅವರ ಕಟ್ಟಡದಲ್ಲಿ ಹಳೆ ಕಾಗದ ಒಟ್ಟುಮಾಡಿಸುವ ಸರದಿ ರತ್ನಾಳದು. ಪತ್ರಿಕೆ ಬೇರೆ, ರಟ್ಟು ಬೇರೆ, ಪುಸ್ತಕ ಬೇರೆ. ಎಲ್ಲವನ್ನೂ ಅಡ್ಡಕ್ಕೊಂದು ಉದ್ದಕ್ಕೊಂದು ದಾರ ಕಟ್ಟಿ, ಬೆಳಿಗ್ಗೆ ಎಂಟರೊಳಗೆ ಕೆಳಗಿಡಬೇಕು. ಜಪಾನಿ ಹೆಂಗಸರ ಎದುರು ಭಾರತೀಯರು ಅಚ್ಚುಕಟ್ಟಿಲ್ಲ ಎನಿಸಿಕೊಳ್ಳಬಾರದೆಂದು ರತ್ನಾ ಹಿಂದಿನ ದಿನವೇ ಕಟ್ಟಲು ಕುಳಿತಿದ್ದಳು.

“ಅಮ್ಮ, ಇದೂನಾ?” ಎಂದು ಜಾಹ್ನವಿ ಕನ್ನಡದ ಕಾಪಿ ಪುಸ್ತಕಗಳ ಗುಪ್ಪೆ ತಂದು ತೋರಿಸಿದ್ದಳು.

ರತ್ನಾ ತಲೆ ಎತ್ತಿರಲಿಲ್ಲ. ಮಗಳ ಮೇಲೆ ಸಿಟ್ಟಿತ್ತು. “ನಿಂಗೇ ಬೇಡ ಅಂದ್ಮೇಲೆ ಇನ್ಯಾರಿಗೆ ಬೇಕು? ಎಲ್ಲಾ ಹಾಕು.”

ಮಾರನೆಯ ದಿನ ಲಾರಿಯವನು ಬಂದು ಕಟ್ಟುಗಳನ್ನು ತೂಗಿ ನೋಡಿ, ಅವಳ ಗಂಟು ಹಾಕುವ ಚೆಂದವನ್ನು ಮೆಚ್ಚಿಕೊಂಡ. ವಾಡಿಕೆಯಂತೆ ಕಾಗದಕ್ಕೆ ಬದಲಾಗಿ ಟಾಯ್ಲೆಟ್ ಪೇಪರಿನ ನಾಲ್ಕು ಸುರುಳಿ ಕೊಟ್ಟ. ಒಳ್ಳೆಯ ಪೇಪರು, ಮೆತ್ತಗಿತ್ತು. ಎರಡು ವಾರ ಬಂತು.

ಗೊತ್ತಾಗಿದ್ದು ಮುಂದಿನ ಮಾರ್ಚ್‌ನಲ್ಲಿ, ಏಳರ ಹಿಂದಿನ ದಿನ. ಅದಕ್ಕೆ ಮೊದಲು ಮೂರು ವರ್ಷ ಅವಳು ಅಂಗಡಿಗೆ ಹೋಗಿ, ಬಾಗಿಲು ಹಾಕಿಕೊಂಡು, ಹೆಸರುಗಳನ್ನು ಓದಿದ್ದಳು. ಈ ಸಲ ಮಂಚದಡಿಯೆಲ್ಲ ಹುಡುಕಿ, ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟು ಅತ್ತಳು. ಬೊಜೆನಾ ಅವರಿಗೆ, ಪುಸ್ತಕ ಸಾಮಾನಿನ ಜೊತೆ ಇಂಡಿಯಾಕ್ಕೆ ಹೋಗಿಬಿಟ್ಟಿದೆ, ಮುಂದಿನ ಸಲ ತರುತ್ತೇನೆ ಎಂದಳು. ಅದರ ಮುಂದಿನ ಮಾರ್ಚ್‌ನಲ್ಲೂ ಅದನ್ನೇ ಹೇಳಿದಳು. ಇನ್ನೊಮ್ಮೆ ಬರೆಸಿಕೊಳ್ಳಬಹುದಿತ್ತು. ಬರೆಸಿಕೊಳ್ಳಬೇಕಾದರೆ ಕಳೆದದ್ದನ್ನು ಒಪ್ಪಿಕೊಳ್ಳಬೇಕಿತ್ತು. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿರುವಾಗಲೇ ಬೊಜೆನಾ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಕಿವಿಗೆ ಬಿದ್ದ ಹೆಸರನ್ನು ಗುರುತಿಸುತ್ತಿದ್ದರು. ತಾವಾಗಿ ಹೇಳಲು ಒಂದೂ ಬಾಯಿಗೆ ಬರುತ್ತಿರಲಿಲ್ಲ.

ಹೋದ ಮಾರ್ಚ್ ಏಳರಂದು ಆಸ್ಪತ್ರೆಯಲ್ಲಿ ಅವರು ರತ್ನಾಳ ಕೈಚೀಲದತ್ತ ಕಣ್ಣು ಮಾಡಿ, “ಓದು,” ಎಂದರು.

ಚೀಲದಲ್ಲಿದ್ದದ್ದು ದಿನಸಿ ಬರೆಯುವ ಪುಸ್ತಕ. ರತ್ನಾ ಅದನ್ನೇ ತೆರೆದಳು. ಬೇಳೆ, ರವೆ, ಹುಣಸೆಹಣ್ಣು ಎಂದಿದ್ದ ಹಾಳೆಯ ಮೇಲೆ ಕಣ್ಣಿಟ್ಟು ನೆನಪಿದ್ದ ಹನ್ನೊಂದು ಹೆಸರು ಹೇಳಿದಳು. ಮುಂದೆ ಬರಲಿಲ್ಲ. ಬೊಜೆನಾ ಕಣ್ಣು ಮುಚ್ಚಿ ಹೊದಿಕೆಯ ಮೇಲೆ ಬೆರಳೆಣಿಸುತ್ತಿದ್ದರು. ನಿಲ್ಲಿಸುವ ಧೈರ್ಯವಾಗದೆ ರತ್ನಾ ತಾನು ಹಾಸನದಲ್ಲಿ ಓದಿದ ಕಾನ್ವೆಂಟಿನ ಸಿಸ್ಟರುಗಳ ಹೆಸರನ್ನು ಸೇರಿಸುತ್ತ ಹೋದಳು. ಫಿಲೋಮಿನಾ. ಲಿಲ್ಲಿ. ಸ್ಟೆಲ್ಲಾ. ಮೂವತ್ತು ತುಂಬಿಸಿ ಕೊನೆಗೆ ‘ಮಗು’ ಎಂದಳು.

ಬೊಜೆನಾ, “ಅರಿಗಾತೋ,” ಎಂದು ಧನ್ಯವಾದ ಹೇಳಿ ಗೋಡೆಯತ್ತ ಹೊರಳಿಕೊಂಡರು.

*

ಕಾಯುವ ಕೋಣೆಯ ಹೊರಗೆ, ಪಾನೀಯದ ಯಂತ್ರದ ಮುಂದೆ ದಿನೇಶ ಹೆಂಡತಿಯನ್ನು ತಡೆದ.

“ಮನೇಲಿದೆ ಅಂದ್ಬಿಟ್ಯಲ್ಲ, ಈಗೇನ್ಮಾಡ್ತೀಯ?”

“ಗೊತ್ತಿಲ್ಲ ರೀ.”

“ನಾನೊಂದು ಹೇಳ್ಲಾ? ಬರೆದು ಕೊಟ್ಬಿಡು. ಸೀರಿಯಸ್ಲಿ. ಅವಳಿಗೆ ಸಿಕ್ಕಿರೋ ಒಂಬತ್ತು, ನಿಂಗೆ ನೆನಪಿರೋದು, ಮಿಕ್ಕಿದ್ದಕ್ಕೆ ಆ ದೇಶದ ಕಾಮನ್ ಹೆಸರು. ಯಾರು ಹೋಗಿ ಚೆಕ್ ಮಾಡ್ತಾರೆ? ಕನ್ನಡದಲ್ಲಿರೋದನ್ನ ಅವಳು ಹೆಂಗೂ ಓದಲ್ಲ.”

“ಕಲ್ಲಿನ ಮೇಲೆ ಕೆತ್ತಿಸ್ತಾರಂತೆ.”

“ಅದಕ್ಕೇ ಹೇಳ್ತಿರೋದು. ಕಲ್ಲು ಖಾಲಿ ಇರೋಕಿಂತ ಬೆಟರ್ ಅಲ್ವಾ? ಅವಳಿಗೂ ಸಮಾಧಾನ, ನಿಂಗೂ ಸಮಾಧಾನ.”

ರತ್ನಾಳಿಗೆ ಆ ಮಾತು ತಪ್ಪು ಎನಿಸಲಿಲ್ಲ. ಅದನ್ನೇ ತಾನೂ ಬೆಳಗಿನಿಂದ ಯೋಚಿಸುತ್ತಿದ್ದಳು; ಮನಸ್ಸಿನಲ್ಲಿ ಆಗಲೇ ಏಳೆಂಟು ಹೆಸರು ಆರಿಸಿಯೂ ಆಗಿತ್ತು.

ಒಳಗೆ ಬಂದಾಗ ಯಿತ್ಕಾ ಪಕ್ಕದ ಕುರ್ಚಿ ಎಳೆದುಕೊಟ್ಟಳು.

“ಕೇಳುವುದು ಮರೆತಿದ್ದೆ. ಹೋದ ತಿಂಗಳು ಫೋನಿನಲ್ಲಿ ಅಜ್ಜಿ ಬಹಳ ಕಷ್ಟಪಟ್ಟು ಒಂದು ಮಾತು ಹೇಳಿದರು. ‘ಸ್ಟೆಲ್ಲಾ ಯಾರು ಅಂತ ರತ್ನಾಳನ್ನು ಕೇಳು.’ ಹೇಳಿ ನಕ್ಕರು. ನಮ್ಮ ಮನೆತನದಲ್ಲಿ ಸ್ಟೆಲ್ಲಾ ಅನ್ನುವವರು ಯಾರೂ ಇರಲಿಲ್ಲ. ಯಾರು ಅವಳು?”

ವೇದವಲ್ಲಿ ಚಹಾ ಕುಡಿಯುತ್ತಿದ್ದರು. ಜಾಹ್ನವಿ ಫೋನಿನಿಂದ ತಲೆ ಎತ್ತಿದಳು.

“ನನಗೆ ಗಣಿತ ಕಲಿಸಿದ ಸಿಸ್ಟರು,” ಎಂದಳು ರತ್ನಾ. “ಪುಸ್ತಕ ಮನೆಯಲ್ಲಿಲ್ಲ. ನಾನು ಸುಳ್ಳು ಹೇಳಿದೆ.”

ಎಲ್ಲವನ್ನೂ ಹೇಳಿದಳು. ಕಾಗದದ ಕಟ್ಟು, ದಾರ, ಲಾರಿ. ನಾಲ್ಕು ಸುರುಳಿಯ ಮಾತು ಬಂದಾಗ ದಿನೇಶ, “ಅದೆಲ್ಲ ಯಾಕೆ ಹೇಳ್ತೀಯ,” ಎಂದ. ಅವಳು ಅದನ್ನೂ ಹೇಳಿದಳು. ಇಂಡಿಯಾಕ್ಕೆ ಹೋಗಿದೆ ಎಂದದ್ದನ್ನು, ದಿನಸಿ ಪುಸ್ತಕವನ್ನು, ಹೊದಿಕೆಯ ಮೇಲೆ ಎಣಿಸುತ್ತಿದ್ದ ಬೆರಳುಗಳನ್ನು ಹೇಳಿದಳು.

“ಅದು ನನ್ನ ನೋಟ್‌ಬುಕ್,” ಎಂದಳು ಜಾಹ್ನವಿ ಇಂಗ್ಲಿಷಿನಲ್ಲಿ. “ಐ ಆಸ್ಕ್ಡ್ ಯೂ, ಅಮ್ಮ.”

“ಹೌದು, ನೀನು ಕೇಳಿದ್ದೆ. ನಾನು ನೋಡಲಿಲ್ಲ.”

ಯಿತ್ಕಾ ಪರವಾಗಿಲ್ಲ ಎನ್ನುತ್ತಾಳೆಂದು ರತ್ನಾ ಕಾದಳು. ಹಾಗೆ ಕಾಯುತ್ತಿರುವುದಕ್ಕೂ ನಾಚಿಕೆಯಾಯಿತು. ಯಿತ್ಕಾ ಅದನ್ನು ಅನ್ನಲಿಲ್ಲ.

“ಎಷ್ಟು ನೆನಪಿದೆ?” ಎಂದು ಕೇಳಿದಳು.

“ಹನ್ನೊಂದು. ಮಗು ಸೇರಿದರೆ ಹನ್ನೆರಡು.”

ಬಾಗಿಲಲ್ಲಿ ಸಿಬ್ಬಂದಿ ನಿಂತು ತಲೆ ಬಾಗಿಸಿದ. ಆಗಿದೆ, ಬನ್ನಿ ಎಂದ.

*

ತಟ್ಟೆಯ ಮೇಲೆ ಬೂದಿ ಬಿಳುಪಾಗಿ ಹರಡಿತ್ತು. ಅದರಲ್ಲಿ ಅವರ ಆಕಾರ ಇನ್ನೂ ಉಳಿದಿತ್ತು. ಬಿಸಿ ಮುಖಕ್ಕೆ ಬಡಿಯುತ್ತಿತ್ತು. ಉದ್ದನೆಯ ಕಡ್ಡಿಗಳನ್ನು ಕೈಗೆ ಕೊಟ್ಟು ಸಿಬ್ಬಂದಿ ವಿವರಿಸಿದ. ಒಂದು ಮೂಳೆಯನ್ನು ಇಬ್ಬರು ಕೂಡಿ ಹಿಡಿಯಬೇಕು. ಪಾದದಿಂದ ಶುರುಮಾಡಿ ತಲೆಯವರೆಗೆ. ಹಾಗೆ ಮಾಡಿದರೆ ಅವರು ಕಲಶದೊಳಗೆ ನೆಟ್ಟಗೆ ನಿಂತಿರುತ್ತಾರೆ.

ರತ್ನಾ ಒಂದು ಬದಿ, ಯಿತ್ಕಾ ಇನ್ನೊಂದು ಬದಿ. ಯಿತ್ಕಾ ಜಾಹ್ನವಿಯ ಕೈಗೆ ಪೆನ್ನು, ಹಾಳೆ ಕೊಟ್ಟಿದ್ದಳು.

“ಕನ್ನಡದಲ್ಲಿ ನಂಗೆ ಬರಲ್ಲ,” ಎಂದಳು ಜಾಹ್ನವಿ ಮೆಲ್ಲಗೆ.

“ಎಲ್ಲರಿಗೂ ಓದಲು ಬರುವ ಹಾಗೆ ಬರಿ,” ಎಂದಳು ಯಿತ್ಕಾ.

ಇಬ್ಬರ ಕಡ್ಡಿಗಳೂ ಪಾದದ ಒಂದು ಮೂಳೆಯನ್ನು ಹಿಡಿದವು. ಹಗುರವಾಗಿತ್ತು.

“ಲುದ್ಮಿಲಾ,” ಎಂದಳು ರತ್ನಾ. ಮೂಳೆ ಕಲಶಕ್ಕೆ ಬಿದ್ದು ಮಡಕೆಯ ಚೂರಿನಂತೆ ಸದ್ದಾಯಿತು.

“ಯೋಸೆಫ್.”

“ಚಿಕ್ಕ ಯೋಸೆಫ್.”

“ರೂಝೆನಾ. ಅನೆಷ್ಕಾ. ಷ್ಟೆಪಾನ್.” ಜಾಹ್ನವಿಯ ಪೆನ್ನು ಕಾಯುತ್ತ, ಓಡುತ್ತ ಇತ್ತು. ಯಿತ್ಕಾ ಕೆಲವು ಹೆಸರಿಗೆ ತಲೆಯಾಡಿಸಿದಳು, ಅವು ಕಡತದಲ್ಲಿದ್ದವು. ಕೆಲವಕ್ಕೆ ಕಣ್ಣೆತ್ತಿ ನೋಡಿದಳು. ಅವನ್ನು ಅವಳು ಕೇಳುತ್ತಿದ್ದದ್ದು ಈಗಲೇ.

“ಬಾರ್ಬೊರಾ. ತೋಮಾಷ್. ಕರೊಲೀನಾ. ತ್ಸಿರಿಲ್. ಫಿಲಿಪ್.”

ಮೊಣಕಾಲು ದಾಟಿತ್ತು.

“ಮಗು.”

ತೊಡೆಯ ಮೂಳೆಯನ್ನು ಹಿಡಿದು ಇಬ್ಬರೂ ನಿಂತರು. ರತ್ನಾಳ ತುಟಿ ಅಲುಗಿತು. ಮುಂದಿನದು ‘ಮ’ ಅಕ್ಷರದಿಂದ ಶುರುವಾಗುತ್ತಿತ್ತೇ? ಹಾಳೆಯ ಎಡಮೂಲೆಯಲ್ಲಿ ಜಾಹ್ನವಿಯ ಎಣ್ಣೆಗೈಯ ಕಲೆ ಇದ್ದದ್ದು ಕಣ್ಣಿಗೆ ಕಟ್ಟುತ್ತಿತ್ತು. ಅದರ ಕೆಳಗೆ ಬರೆದದ್ದು ಕಾಣುತ್ತಿರಲಿಲ್ಲ. ಯಿತ್ಕಾ ಕಾದಳು. ವೇದವಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಸಿಬ್ಬಂದಿಯೂ, ಏನೋ ಕ್ರಮವಿರಬೇಕೆಂದು, ಕಾದ.

ಕೊನೆಗೆ ಯಿತ್ಕಾ ತನ್ನ ಕಡ್ಡಿಯನ್ನು ಕಲಶದತ್ತ ತಿರುಗಿಸಿದಳು. ಆಮೇಲಿನವನ್ನೆಲ್ಲ ಮಾತಿಲ್ಲದೆ ಎತ್ತಿದರು. ಸೊಂಟ, ಬೆನ್ನು, ಪಕ್ಕೆ, ಕೈ. ಒಂದೊಂದಕ್ಕೂ ಸದ್ದು ಮಾತ್ರ. ಧ್ಯಾನಕ್ಕೆ ಕೂತ ಬುದ್ಧನಂತೆ ಕಾಣುವ ಕೊರಳಿನ ಪುಟ್ಟ ಮೂಳೆಯನ್ನು ಸಿಬ್ಬಂದಿ ಬೇರೆಯಾಗಿ ಎತ್ತಿ ತೋರಿಸಿ, ಎಲ್ಲೂ ಮುರಿದಿಲ್ಲ ಎಂದು ಗೌರವದಿಂದ ಹೇಳಿ ಒಳಗಿಟ್ಟ. ಮೇಲೆ ತಲೆಯ ಮೂಳೆ.

ಮುಗಿಯಿತೆಂದು ರತ್ನಾ ಕಡ್ಡಿಗಳನ್ನು ಕೆಳಗಿಟ್ಟಳು. ಮುಗಿದಿರಲಿಲ್ಲ. ಅವನು ಗೂಡಿನಿಂದ ಒಂದು ಪುಟ್ಟ ಕುಂಚ, ಒಂದು ಪುಟ್ಟ ಮೊರ ತೆಗೆದ. ತಟ್ಟೆಯ ಒಂದು ಮೂಲೆಯಿಂದ, ಅಂಚು ಬಿಡದೆ, ಅವಸರವಿಲ್ಲದೆ ಗುಡಿಸತೊಡಗಿದ. ಎಲ್ಲೂ ಏನೂ ಉಳಿದಂತೆ ರತ್ನಾಳ ಕಣ್ಣಿಗೆ ಕಾಣದಿದ್ದ ಕಡೆಯಲ್ಲೂ ಅವನು ಬಗ್ಗಿ ನೋಡಿ, ಕುಂಚದ ತುದಿಯಿಂದ ಹಿಟ್ಟಿನಂಥ ಕೊನೆಯ ಬೂದಿಯನ್ನೂ ಮೊರಕ್ಕೆ ತಂದು, ಕಲಶಕ್ಕೆ ಸುರಿದ. ಆಮೇಲೆ ಕುಂಚವನ್ನು ಕಲಶದ ಬಾಯಿಗೆ ಎರಡು ಸಲ ತಟ್ಟಿದ, ಕೂದಲಿಗೆ ಅಂಟಿದ್ದು ಏನಾದರೂ ಇದ್ದರೆ ಅದೂ ಬೀಳಲೆಂದು.